ಟ್ಯಾಕ್ಸ್ ಇಳಿಸಿದ್ರೆ ಫ್ಯಾಕ್ಟರಿ ಬರ್ತದಾ?

ತೆರಿಗೆ ಬದಲಾದ್ರೆ ಜನ ಹೇಗೆ ಬದಲಾಗ್ತಾರೆ ಅಂತ ತಿಳ್ಕೊಳ್ಲಿಕ್ಕೆ ಕಾರವಾರದವರು ಯಾವ ದಪ್ಪ ಪುಸ್ತಕನೂ ಓದ್ಬೇಕಂತಿಲ್ಲ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದು ಗೋವಾ ಗಡಿ ಹೊಕ್ಕಿದ್ರೆ ಆಯ್ತು, ಪೋಳೆಂ ಕಡೆ ಪೆಟ್ರೋಲ್ ಬಂಕಿನಲ್ಲಿ ಕೆಎ-30 ನಂಬರಿನ ಬೈಕು ಕಾರು ನಿಂತಿರೋದು ಕಾಣ್ತದೆ. ಎರಡೂ ಕಡೆ ಪೆಟ್ರೋಲ್ ಅದೇ, ಕಂಪನಿನೂ ಅದೇ, ಕೇಂದ್ರದ ಅಬಕಾರಿ ಸುಂಕನೂ ಅಷ್ಟೇ, ಬೇರೆ ಇರೋದು ರಾಜ್ಯದ ತೆರಿಗೆ ಮಾತ್ರ. ನಮ್ಮಲ್ಲಿ 2024ರ ಜೂನ್ 15ಕ್ಕೆ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ. 25.92 ಇದ್ದಿದ್ದು 29.84 ಆಯ್ತು, ಡೀಸೆಲ್‌ದು 14.34 ಇದ್ದಿದ್ದು 18.44 ಆಯ್ತು, ಎರಡರ ಬೆಲೆನೂ ಲೀಟರಿಗೆ ಸುಮಾರು 3 ರೂಪಾಯಿ ಏರ್ತು, ಗಡಿ ಆಚೆ ಹೋಗೋ ಆಸೆನೂ ಅಷ್ಟು ಜಾಸ್ತಿ ಆಯ್ತು. ಆದ್ರೆ ಹೊನ್ನಾವರದವ್ರು ಅದಕ್ಕಂತ ಗೋವಾಕ್ಕೆ ಹೋಗೋದಿಲ್ಲ, ಶಿರಸಿಯವ್ರಂತೂ ಕೇಳೋದೇ ಬೇಡ, ಘಟ್ಟ ಇಳಿದು ಹತ್ತೋದರಲ್ಲೇ ಉಳಿಸಿದ್ದಕ್ಕಿಂತ ಜಾಸ್ತಿ ಸುಟ್ಟಿರ್ತದೆ.

ಇಲ್ಲಿ ಎರಡು ವಿಷಯ ಇದೆ. ಒಂದು, ಸುಲಭವಾಗಿ ಸರಿಯೋಕಾಗುವವ್ರು ಮಾತ್ರ ತೆರಿಗೆ ನೋಡಿ ಸರೀತಾರೆ. ಇನ್ನೊಂದು, ಇದೇ ಮುಖ್ಯ, ಪೋಳೆಂನಲ್ಲಿ ವ್ಯಾಪಾರ ಎಷ್ಟು ಜಾಸ್ತಿ ಆಯ್ತೋ ಕಾರವಾರದಲ್ಲಿ ಹೆಚ್ಚು ಕಡಿಮೆ ಅಷ್ಟೇ ಕಮ್ಮಿ ಆಯ್ತು. ದೇಶದ ಲೆಕ್ಕದಲ್ಲಿ ಹೊಸದಾಗಿ ಏನೂ ಹುಟ್ಲಿಲ್ಲ, ಇದ್ದಿದ್ದೇ ಜಾಗ ಬದಲಿಸ್ತು. ತೆರಿಗೆ ಕಡಿತದಿಂದ ಆರ್ಥಿಕತೆ ಬೆಳೀತು ಅಂತ ಯಾರಾದ್ರೂ ಅಂಕಿ ಹಿಡ್ಕೊಂಡು ಬಂದಾಗ ನಾನು ಮೊದ್ಲು ಕೇಳೋದು ಇದನ್ನೇ: ಇದು ಹೊಸದಾಗಿ ಹುಟ್ಟಿದ್ದಾ, ಸರಿದು ಬಂದಿದ್ದಾ, ಅಥವಾ ಮೊದ್ಲೇ ಇದ್ದಿದ್ದಕ್ಕೆ ಸಿಕ್ಕ ಇನಾಮಾ?

ಸರಿದು ಬರೋದು ಎಷ್ಟು ದೊಡ್ಡ ಮಟ್ಟದಲ್ಲಿ ಆಗಬಹುದು ಅನ್ನೋದಕ್ಕೆ ಐರ್ಲೆಂಡ್ ನೋಡಿ. ಅಲ್ಲಿ ಆಗ ಕಂಪನಿ ತೆರಿಗೆ ಶೇ. 12.5 ಇತ್ತು. ಅಮೆರಿಕದ ದೊಡ್ಡ ದೊಡ್ಡ ಕಂಪನಿಗಳು ಪೇಟೆಂಟು, ಸಾಫ್ಟ್‌ವೇರ್ ಹಕ್ಕು ಇಂಥದ್ದನ್ನೆಲ್ಲ ಕಾಗದದ ಮೇಲೆ ಅಲ್ಲಿಗೆ ವರ್ಗಾಯಿಸಿದ್ವು, 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಶೇ. 26ರಷ್ಟು ಬೆಳೀತು ಅಂತ ಲೆಕ್ಕ ಹೊರಬಿತ್ತು. ಡಬ್ಲಿನ್ನಿನ ಸಾಮಾನ್ಯ ಮನುಷ್ಯನ ಸಂಬಳ ಶೇ. 26 ಏರಿತ್ತಾ? ಎಲ್ಲಿಂದ. ಕೊನೆಗೆ ಅಲ್ಲಿನ ಅಂಕಿಅಂಶ ಇಲಾಖೆಯವ್ರೇ ಈ ಜಿಡಿಪಿ ನಂಬಿದ್ರೆ ಕೆಟ್ವಿ ಅಂತ ದೇಶದ ಆದಾಯ ಅಳೀಲಿಕ್ಕೆ ಬೇರೆ ಅಳತೆ ಮಾಡ್ಕೊಂಡ್ರು. ಐರ್ಲೆಂಡಿನಲ್ಲಿ ನಿಜವಾದ ಫ್ಯಾಕ್ಟರಿ, ನಿಜವಾದ ಕೆಲ್ಸನೂ ಬಂದಿದೆ, ಅದನ್ನ ಇಲ್ಲ ಅನ್ನೋ ಹಾಗಿಲ್ಲ, ಆದ್ರೆ ಆ 26 ಮಾತ್ರ ಪೋಳೆಂ ಬಂಕಿನ ವ್ಯಾಪಾರವೇ.

ಇನ್ನು ನಮ್ಮ ದೇಶದ ಕಥೆ. 2019ರ ಸೆಪ್ಟೆಂಬರ್ 20ಕ್ಕೆ ಜಿಎಸ್‌ಟಿ ಮಂಡಳಿ ಸಭೆ ಗೋವಾದಲ್ಲಿತ್ತು. ಸಭೆಗೆ ಮೊದ್ಲು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅಲ್ಲೇ ಪತ್ರಿಕಾಗೋಷ್ಠಿ ಮಾಡಿ ಕಂಪನಿಗಳ ಮೂಲ ತೆರಿಗೆ ದರ ಶೇ. 30 ಇದ್ದಿದ್ದನ್ನ 22ಕ್ಕೆ ಇಳಿಸ್ತೇವೆ ಅಂದ್ರು, ಬೇರೆ ವಿನಾಯ್ತಿ ಬಿಟ್ಟುಕೊಡುವವರಿಗೆ ಅಂತ ಷರತ್ತು, ಸರ್‌ಚಾರ್ಜು ಸೆಸ್ಸು ಎಲ್ಲ ಸೇರಿದ್ರೆ 25.17. ಹೊಸದಾಗಿ ಶುರುವಾಗೋ ಉತ್ಪಾದನಾ ಕಂಪನಿಗಳಿಗೆ ಇನ್ನೂ ಕಡಿಮೆ, ಶೇ. 15. ಸರ್ಕಾರಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಅಂತ ಅವ್ರೇ ಹೇಳಿದ್ರು. ಮುಂಬೈ ಶೇರು ಪೇಟೆ ಅವತ್ತು ಹುಚ್ಚೆದ್ದು ಕುಣೀತು, ಸೆನ್ಸೆಕ್ಸ್ ಒಂದೇ ದಿನಕ್ಕೆ 1,900 ಅಂಕಕ್ಕಿಂತ ಜಾಸ್ತಿ ಏರಿತ್ತು.

ಶೇರು ಯಾಕೆ ಏರ್ತು ಅನ್ನೋದು ಸುಲಭ, ಕಂಪನಿಗಳು ಮೊದ್ಲಿಂದ ಮಾಡ್ತಿದ್ದ ಲಾಭದಲ್ಲೇ ಅವುಗಳ ಪಾಲು ಜಾಸ್ತಿ ಆಯ್ತು. ಹೊಸ ಬಂಡವಾಳ ಯಾಕೆ ಬರ್ಬೇಕು ಅನ್ನೋದಕ್ಕೆ ಸ್ವಲ್ಪ ಲೆಕ್ಕ ಹಾಕ್ಬೇಕು.

ಬೈತಖೋಲ್ ಬಂದರಿನ ಹತ್ರ ಒಬ್ಬರ ಐಸ್ ಪ್ಲಾಂಟ್ ಇದೆ ಅಂತ ಇಟ್ಕೊಳ್ಳಿ, ಸುಮ್ನೆ ಲೆಕ್ಕಕ್ಕೆ. ಇನ್ನೊಂದು ಪ್ಲಾಂಟ್ ಹಾಕ್ಲಿಕ್ಕೆ 1 ಕೋಟಿ ಬೇಕು, ಅದರಿಂದ ವರ್ಷಕ್ಕೆ 12 ಲಕ್ಷ ಲಾಭ ಬರಬಹುದು ಅಂತ ಅಂದಾಜು. ತೆರಿಗೆ ಶೇ. 30 ಇದ್ರೆ ಕೈಯಲ್ಲಿ ಉಳಿಯೋದು 8 ಲಕ್ಷದ 40 ಸಾವಿರ, ಶೇ. 22 ಆದ್ರೆ 9 ಲಕ್ಷದ 36 ಸಾವಿರ. ಆ ಮಾಲೀಕರು ಇಷ್ಟೆಲ್ಲ ತಲೆಬಿಸಿ ಮಾಡ್ಕೊಳ್ಲಿಕ್ಕೆ ಹಾಕಿದ ದುಡ್ಡಿಗೆ ಕನಿಷ್ಠ ಶೇ. 9 ಆದ್ರೂ ಸಿಗ್ಬೇಕು, ಇಲ್ಲಾಂದ್ರೆ ಸುಮ್ನೆ ಇರೋದೇ ಲೇಸು ಅಂತ ಕೂತಿದ್ರೆ, ಹಳೇ ದರದಲ್ಲಿ ಪ್ಲಾಂಟ್ ಬೇಡ, ಹೊಸ ದರದಲ್ಲಿ ಹಾಕಬಹುದು. ಗೆರೆ ಹತ್ರ ಹತ್ರ ಇರೋ ಇಂಥ ಯೋಜನೆಗಳು ದೇಶದ ತುಂಬ ಸಾವಿರಾರು ಇರ್ತವೆ, ತೆರಿಗೆ ಇಳಿದ್ರೆ ಅವು ಗೆರೆ ದಾಟ್ತವೆ, ಮಿಷನ್ ಬರ್ತದೆ, ಕೆಲ್ಸ ಬರ್ತದೆ. ತೆರಿಗೆ ಕಡಿತದ ಪರವಾಗಿರೋ ವಾದದ ತಿರುಳು ಇಷ್ಟೇ, ಮತ್ತೆ ಇದು ತಪ್ಪು ವಾದ ಅಲ್ಲ.

ಆದ್ರೆ ಆ 12 ಲಕ್ಷ ಎಲ್ಲಿಂದ ಬಂತು? ಐಸು ಮಾರಾಟ ಆಗ್ಬೇಕಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಯಾಂತ್ರೀಕೃತ ಬೋಟು ಕಡಲಿಗಿಳಿಯೋ ಹಾಗಿಲ್ಲ, ಉಳಿದ ತಿಂಗಳಲ್ಲಿ ಬಂಗಡೆ, ತಾರ್ಲೆ ಸರಿಯಾಗಿ ಸಿಗ್ಲಿಲ್ಲ ಅಂದ್ರೆ ಇರೋ ಪ್ಲಾಂಟೇ ಅರ್ಧ ಓಡ್ತದೆ. ಅರ್ಧ ಓಡ್ತಿರೋ ಪ್ಲಾಂಟಿನ ಪಕ್ಕ ಇನ್ನೊಂದು ಪ್ಲಾಂಟ್ ಯಾರು ಹಾಕ್ತಾರೆ? ತೆರಿಗೆ 22 ಅಲ್ಲ, ಸೊನ್ನೆ ಮಾಡಿದ್ರೂ ಹಾಕೋದಿಲ್ಲ. ಲಾಭ ಇದ್ರೆ ತಾನೇ ತೆರಿಗೆ, ಸೊನ್ನೆ ಲಾಭಕ್ಕೆ ಶೇ. 30 ಹಾಕಿದ್ರೂ ಅಷ್ಟೇ, 15 ಹಾಕಿದ್ರೂ ಅಷ್ಟೇ. ಅತ್ಲಾಗೆ ಹಳೇ ಪ್ಲಾಂಟಿನಿಂದ ವರ್ಷಕ್ಕೆ 20 ಲಕ್ಷ ಲಾಭ ಬರ್ತಿತ್ತು ಅಂದ್ರೆ ಹೊಸ ದರದಿಂದ 1 ಲಕ್ಷದ 60 ಸಾವಿರ ಸುಮ್ನೆ ಕೈಗೆ ಬಂತು, ಅದಕ್ಕಾಗಿ ಅವರು ಹೊಸದಾಗಿ ಒಂದು ಬೋಲ್ಟೂ ಬಿಗೀಬೇಕಾಗಿಲ್ಲ. ಆ ದುಡ್ಡಲ್ಲಿ ಸೊಸೈಟಿ ಸಾಲ ತೀರಿಸ್ಬಹುದು, ಬಂಗಾರ ತಗೋಬಹುದು, ಅಂಕೋಲಾದಲ್ಲಿ ಒಂದು ಸೈಟ್ ಮಾಡ್ಬಹುದು.

2019ರಲ್ಲಿ ದೇಶದ ಪರಿಸ್ಥಿತಿ ಹೆಚ್ಚು ಕಡಿಮೆ ಈ ಅರ್ಧ ಓಡೋ ಪ್ಲಾಂಟಿಂದೇ ಆಗಿತ್ತು. ಕಾರ್ಖಾನೆಗಳು ತಮ್ಮ ಸಾಮರ್ಥ್ಯದಲ್ಲಿ ಎಷ್ಟು ಬಳಸ್ತಿವೆ ಅಂತ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಸಮೀಕ್ಷೆ ಮಾಡ್ತದೆ, ಅದು ಆ ವರ್ಷದ ಜುಲೈ-ಸೆಪ್ಟೆಂಬರಿನಲ್ಲಿ ಶೇ. 70ಕ್ಕಿಂತ ಕೆಳಗೆ ಬಿದ್ದಿತ್ತು. ಇದರ ಹಿಂದೆ ಬ್ಯಾಂಕುಗಳ ಕೆಟ್ಟ ಸಾಲದ ಕಥೆ ಬೇರೆ, 2018ರ ಮಾರ್ಚಿಗೆ ಒಟ್ಟು ಸಾಲದಲ್ಲಿ ಶೇ. 11.2 ವಸೂಲಾಗದೇ ಕೂತಿತ್ತು. ಕಂಪನಿಗಳಿಗೂ ಸಾಲದ ಹೊರೆ, ಬ್ಯಾಂಕಿಗೂ ಕೊಡ್ಲಿಕ್ಕೆ ಹೆದರಿಕೆ, ಜನರ ಕೈಯಲ್ಲಿ ಖರ್ಚಿಗೆ ದುಡ್ಡಿಲ್ಲ, ವಾಹನ ಮಾರಾಟ ಬಿದ್ದುಹೋಗಿತ್ತು. ಅಂಥ ಹೊತ್ತಲ್ಲಿ ತೆರಿಗೆ ಉಳಿತಾಯ ಆದ ಕಂಪನಿ ಮೊದ್ಲು ಮಾಡೋ ಕೆಲ್ಸ ಸಾಲ ತೀರಿಸೋದು. ತಪ್ಪೇನಲ್ಲ ಅದು, ಮುಂದೆ ಒಂದಿನ ಉಪಯೋಗಕ್ಕೂ ಬಂತು, 2024ರ ಮಾರ್ಚ್ ಹೊತ್ತಿಗೆ ಆ 11.2 ಶೇ. 2.8ಕ್ಕೆ ಇಳಿದಿತ್ತು, ಅದರಲ್ಲಿ ಬೇರೆ ಕಾರಣಗಳೂ ತುಂಬ ಇವೆ. ಆದ್ರೆ ಸಾಲ ತೀರಿಸೋದಕ್ಕೂ ಫ್ಯಾಕ್ಟರಿ ಕಟ್ಟೋದಕ್ಕೂ ವ್ಯತ್ಯಾಸ ಇದೆ.

ಕಂಪನಿ ತೆರಿಗೆಯಿಂದ ಬರೋ ಆದಾಯ 2018-19ರಲ್ಲಿ ಸುಮಾರು 6.63 ಲಕ್ಷ ಕೋಟಿ ಇದ್ದಿದ್ದು 2019-20ಕ್ಕೆ 5.57 ಲಕ್ಷ ಕೋಟಿಗೆ ಇಳೀತು, ಆ ವರ್ಷದ ಜಿಡಿಪಿ ಬೆಳವಣಿಗೆ ಶೇ. 4ರ ಹತ್ರ ಬಂದು ನಿಂತ್ತು. ಆಮೇಲೆ ಕೋವಿಡ್ ಬಂತು, ಎಲ್ಲ ಲೆಕ್ಕನೂ ಕಲಸಿಹೋಯ್ತು. ಕೋವಿಡ್ ಮುಗಿದ್ಮೇಲೆ ಕಂಪನಿ ತೆರಿಗೆ ಮತ್ತೆ ಏರಿ 2023-24ರಲ್ಲಿ 9 ಲಕ್ಷ ಕೋಟಿ ದಾಟ್ತು, ಇದನ್ನ ತೋರ್ಸಿ ನೋಡಿ ದರ ಇಳಿಸಿದ್ರೂ ಆದಾಯ ಏರ್ತು ಅನ್ನೋರು ಇದ್ದಾರೆ. ಆದ್ರೆ ಅದೇ ಹೊತ್ತಿಗೆ ಲಾಭ ಎಷ್ಟು ಏರಿತ್ತು ಅಂತಲೂ ನೋಡ್ಬೇಕಲ್ಲ. ಕೇಂದ್ರ ಸರ್ಕಾರದ್ದೇ ಆರ್ಥಿಕ ಸಮೀಕ್ಷೆ 2023-24ರಲ್ಲಿ ಬರೆದ ಪ್ರಕಾರ, 33 ಸಾವಿರಕ್ಕೂ ಹೆಚ್ಚು ಕಂಪನಿಗಳ ತೆರಿಗೆಗೆ ಮುಂಚಿನ ಲಾಭ 2020ರಿಂದ 2023ರ ನಡುವೆ ಹತ್ರ ಹತ್ರ ನಾಲ್ಕು ಪಟ್ಟು ಆಗಿತ್ತು, ನೇಮಕಾತಿ ಮತ್ತೆ ಸಂಬಳ ಆ ವೇಗಕ್ಕೆ ಹತ್ತಿರನೂ ಬರ್ಲಿಲ್ಲ ಅಂತ ಸಮೀಕ್ಷೆನೇ ಬೇಜಾರು ಮಾಡ್ಕೊಂಡಿತ್ತು. ಸರ್ಕಾರನೇ ಹೀಗೆ ಬರೆದ್ಮೇಲೆ ನಾನು ಬೇರೆ ಹೇಳೋದು ಎಂತದ್ದು.

ನಡುವೆ ಒಂದು ಮಾತು, ನಮ್ಮ ಕಡೆಯವ್ರಿಗೆ ಬೇಕಾಗಿದ್ದು. ಕಾರವಾರ ಪೇಟೆ, ಕುಮಟಾ ಪೇಟೆ, ಶಿರಸಿಯ ವಖಾರಿಗಳನ್ನ ನೋಡಿ, ಬಹಳಷ್ಟು ಒಬ್ಬರದೇ ಹೆಸರಿನ ವ್ಯವಹಾರ ಇಲ್ಲಾ ಅಣ್ತಮ್ಮಂದಿರ ಪಾಲುದಾರಿಕೆ ಸಂಸ್ಥೆ. 2019ರ ಕಡಿತ ಕಂಪನಿ ಅಂತ ನೋಂದಣಿ ಆದವ್ರಿಗೆ ಮಾತ್ರ, ಪಾಲುದಾರಿಕೆ ಸಂಸ್ಥೆಗಳಿಗೆ ಶೇ. 30ರ ದರನೇ ಮುಂದುವರೀತು. ಸಹಕಾರಿ ಸಂಘಗಳಿಗೆ ಮರುವರ್ಷದ ಬಜೆಟ್‌ನಲ್ಲಿ 22ರ ಆಯ್ಕೆ ಸಿಕ್ತು. ಸಣ್ಣ ಕಂಪನಿಗಳದ್ದು ಇನ್ನೊಂದು ತಮಾಷೆ, 400 ಕೋಟಿಯೊಳಗೆ ವಹಿವಾಟಿರೋ ಕಂಪನಿಗಳಿಗೆ 2019ರ ಜುಲೈ ಬಜೆಟ್‌ನಲ್ಲೇ ಶೇ. 25 ಆಗಿತ್ತು, ಹಾಗಾಗಿ ಅವಕ್ಕೆ ಸೆಪ್ಟೆಂಬರಿನ ಲಾಭ ಕಡಿಮೆ, ದೊಡ್ಡವಕ್ಕೆ ಜಾಸ್ತಿ. ಮೇಲೆ ಲೆಕ್ಕ ಹಾಕಿದ ಐಸ್ ಪ್ಲಾಂಟ್ ನಿಜವಾಗ್ಲೂ ಇದ್ದು ಅದು ಅಪ್ಪ-ಮಗನ ಪಾಲುದಾರಿಕೆ ಆಗಿದ್ರೆ ಆ 1 ಲಕ್ಷದ 60 ಸಾವಿರನೂ ಇಲ್ಲ, ಸಣ್ಣ ಕಂಪನಿ ಆಗಿದ್ರೂ 25ರಿಂದ 22ಕ್ಕೆ ಇಳಿದಿದ್ದರ 60 ಸಾವಿರ ಅಷ್ಟೇ.

ಈಗ ಸ್ವಲ್ಪ ವಿಜ್ಞಾನ. ತೆರಿಗೆ ಇಳಿಸಿದ್ದರಿಂದಲೇ ಬೆಳವಣಿಗೆ ಆಯ್ತು ಅಂತ ಹೇಗೆ ಹೇಳೋದು? ಕಷ್ಟ. ಯಾಕಂದ್ರೆ ಸರ್ಕಾರಗಳು ಸಾಮಾನ್ಯವಾಗಿ ತೆರಿಗೆ ಇಳಿಸೋದೇ ಪರಿಸ್ಥಿತಿ ಕೆಟ್ಟಾಗ, ಆಗ ತೆರಿಗೆ ಕಡಿತ ಮತ್ತೆ ಕೆಟ್ಟ ಬೆಳವಣಿಗೆ ಒಟ್ಟಿಗೇ ಕಾಣ್ತವೆ, ಕಡಿತದಿಂದಲೇ ಕೆಟ್ಟಿತು ಅನ್ನೋ ಹಾಗೆ. ಇಲ್ಲಾ ಖಜಾನೆ ತುಂಬಿ ತುಳುಕುವಾಗ ಇಳಿಸ್ತಾರೆ, ಆಗ ಉಲ್ಟಾ ಭ್ರಮೆ. ಬರ್ಕ್‌ಲಿಯ ಕ್ರಿಸ್ಟಿನಾ ರೋಮರ್ ಮತ್ತೆ ಡೇವಿಡ್ ರೋಮರ್ ಅನ್ನೋ ಅರ್ಥಶಾಸ್ತ್ರಜ್ಞ ದಂಪತಿ ಇದಕ್ಕೊಂದು ಉಪಾಯ ಮಾಡಿದ್ರು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಆದ ತೆರಿಗೆ ಬದಲಾವಣೆಗಳಿಗೆ ಅಧ್ಯಕ್ಷರ ಭಾಷಣ, ಸಂಸತ್ತಿನ ವರದಿಗಳನ್ನ ಕೂತು ಓದಿ, ಯಾವುದನ್ನ ಯಾಕೆ ಮಾಡಿದ್ರು ಅಂತ ವಿಂಗಡಿಸಿದ್ರು, ಆ ಹೊತ್ತಿನ ಆರ್ಥಿಕ ಏರಿಳಿತಕ್ಕೆ ಸಂಬಂಧ ಇಲ್ಲದೇ ಬೇರೆ ಕಾರಣಕ್ಕೆ ಆದವನ್ನ ಮಾತ್ರ ಆರಿಸ್ಕೊಂಡ್ರು. 2010ರಲ್ಲಿ ಅವ್ರು ಪ್ರಕಟಿಸಿದ ಉತ್ತರ: ಜಿಡಿಪಿಯ ಶೇ. 1ರಷ್ಟು ತೆರಿಗೆ ಏರಿಸಿದ್ರೆ ಸುಮಾರು ಮೂರು ವರ್ಷದಲ್ಲಿ ಉತ್ಪಾದನೆ ಶೇ. 3ರಷ್ಟು ಕಡಿಮೆ ಆಗ್ತದೆ. ಅಂದ್ರೆ ತೆರಿಗೆಗೆ ದೊಡ್ಡ ಶಕ್ತಿನೇ ಇದೆ, ತೆರಿಗೆ ಕಡಿತ ಅಂದ್ರೆ ಬರೀ ಶ್ರೀಮಂತರ ಆಟ ಅಂತ ಮೂಗು ಮುರಿಯೋರು ಈ ಅಧ್ಯಯನ ನುಂಗ್ಲೇಬೇಕು. ಅದು ಎಲ್ಲ ಥರದ ತೆರಿಗೆ ಸೇರಿಸಿದ ಲೆಕ್ಕ, ಅಮೆರಿಕದ ಲೆಕ್ಕ ಅನ್ನೋದೂ ನೆನಪಿರ್ಲಿ.

ಕಂಪನಿ ತೆರಿಗೆ ಒಂದನ್ನೇ ನೋಡ್ಬೇಕಂದ್ರೆ 2017ರ ಅಮೆರಿಕ ಸಿಗ್ತದೆ. ಟ್ರಂಪ್ ಮೊದಲ ಅವಧಿಯಲ್ಲಿ ದರ ಶೇ. 35ರಿಂದ 21ಕ್ಕೆ ಇಳೀತು, ಪ್ರತಿ ಕುಟುಂಬದ ಆದಾಯ ವರ್ಷಕ್ಕೆ 4 ಸಾವಿರದಿಂದ 9 ಸಾವಿರ ಡಾಲರ್ ಏರ್ತದೆ ಅಂತ ಶ್ವೇತಭವನದ ಆರ್ಥಿಕ ಸಲಹೆಗಾರರು ಅಂದಿದ್ರು. ಮೂವರು ಅರ್ಥಶಾಸ್ತ್ರಜ್ಞರು, ಚೊಡೊರೊ-ರೈಶ್, ಜಿಡಾರ್, ಜ್ವಿಕ್, ಕಂಪನಿಗಳ ತೆರಿಗೆ ದಾಖಲೆ ಇಟ್ಕೊಂಡು ಲೆಕ್ಕ ಹಾಕಿದ್ರು. ಬಂಡವಾಳ ಹೂಡಿಕೆ ಸುಮಾರು ಶೇ. 11 ಜಾಸ್ತಿ ಆಗಿದ್ದು ನಿಜ ಅಂತ ಬಂತು. ಆದ್ರೆ ಸಂಬಳದ ಏರಿಕೆ ದೀರ್ಘಕಾಲದಲ್ಲಿ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ ಸುಮಾರು 750 ಡಾಲರ್, ಕಡಿತ ತನ್ನ ಖರ್ಚನ್ನ ತಾನೇ ದುಡ್ಕೊಳ್ಳಲೂ ಇಲ್ಲ. ಆ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ವಿಷಯ, ಬರೀ ದರ ಇಳಿಸೋದಕ್ಕಿಂತ ಹೊಸ ಮಿಷನ್ ತಗೊಂಡ ವರ್ಷವೇ ಅದರ ಖರ್ಚನ್ನೆಲ್ಲ ಲಾಭದಿಂದ ಕಳೀಲಿಕ್ಕೆ ಬಿಡೋ ನಿಯಮ, ಸರ್ಕಾರ ಕಳೆದುಕೊಂಡ ಪ್ರತಿ ಡಾಲರಿಗೆ ಜಾಸ್ತಿ ಬಂಡವಾಳ ತಂದ್ಕೊಡ್ತದೆ ಅನ್ನೋದು. ಯೋಚನೆ ಮಾಡಿದ್ರೆ ಸರಳ ಇದೆ. ದರ ಇಳಿಸಿದ್ರೆ ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಫ್ಯಾಕ್ಟರಿಗೂ ಲಾಭ, ಅದು ಹೇಗೂ ಕಟ್ಟಿ ಆಗಿದೆ. ಖರ್ಚು ಕಳೀಲಿಕ್ಕೆ ಬಿಟ್ರೆ ಹೊಸದಾಗಿ ಹಾಕಿದವನಿಗೆ ಮಾತ್ರ.

ಇದಕ್ಕೆ ಅಮೆರಿಕದವರೆಗೆ ಹೋಗೋದೇ ಬೇಡ, ಹುಬ್ಬಳ್ಳಿ ದಾಟಿ ಗದಗ ಕಡೆ ಹೋದ್ರೆ ಗಾಳಿಯಂತ್ರ ಸಾಲು ಸಾಲು ನಿಂತಿದ್ದು ಕಾಣ್ತದಲ್ಲ, ಚಿತ್ರದುರ್ಗದ ಗುಡ್ಡದ ಮೇಲೂ ಇವೆ. ಗಾಳಿಯಂತ್ರಕ್ಕೆ ದುಡ್ಡು ಹಾಕಿದ್ರೆ ಮೊದಲ ವರ್ಷವೇ ಬೆಲೆಯ ಶೇ. 80ನ್ನ ಸವಕಳಿ ಅಂತ ತೋರ್ಸಿ ಲಾಭದಿಂದ ಕಳೀಬಹುದಿತ್ತು. ಒಂದು ಕೋಟಿ ಹಾಕಿದ್ರೆ 80 ಲಕ್ಷ ಲಾಭಕ್ಕೆ ಆ ವರ್ಷ ತೆರಿಗೆ ಇಲ್ಲ. ಗಾಳಿಗೂ ಕರೆಂಟಿಗೂ ಏನೂ ಸಂಬಂಧ ಇಲ್ಲದ ಬಟ್ಟೆ ಮಿಲ್ಲಿನವ್ರು, ಬೇರೆ ಉದ್ಯಮದವ್ರು ಎಲ್ಲ ಗಾಳಿಯಂತ್ರ ಹಾಕಿದ್ದಕ್ಕೆ ದೊಡ್ಡ ಕಾರಣ ಇದು. 2012ರ ಏಪ್ರಿಲ್‌ನಲ್ಲಿ ಕೇಂದ್ರ ಈ ಸವಲತ್ತು ತೆಗೀತು. ಅದಕ್ಕೆ ಹಿಂದಿನ ವರ್ಷ ದೇಶದಲ್ಲಿ 3 ಸಾವಿರ ಮೆಗಾವ್ಯಾಟಿಗೂ ಜಾಸ್ತಿ ಹೊಸ ಗಾಳಿಯಂತ್ರ ಬಂದಿತ್ತು, ತೆಗೆದ ವರ್ಷ ಸುಮಾರು 1,700ಕ್ಕೆ ಬಿತ್ತು. ಎಷ್ಟು ಕರೆಂಟ್ ಉತ್ಪಾದನೆ ಆಗ್ತದೋ ಅದರ ಆಧಾರದ ಮೇಲೆ ಕೊಡ್ತಿದ್ದ ಇನ್ನೊಂದು ಪ್ರೋತ್ಸಾಹಧನನೂ ಅದೇ ಹೊತ್ತಿಗೆ ನಿಂತಿತ್ತು ಅನ್ನೋದು ನಿಜ, ಆದ್ರೂ ಆ ಅಂಕಿ ಮಾತಾಡ್ತದೆ. 2014ರಲ್ಲಿ ಮತ್ತೆ ವಾಪಸ್ ಕೊಟ್ರು. ಈ ತೆರಿಗೆ ವಿನಾಯ್ತಿಯಿಂದ ಹುಟ್ಟಿದ್ದು ಕಣ್ಣಿಗೆ ಕಾಣೋ ಕಂಬ ಮತ್ತೆ ರೆಕ್ಕೆ, ಕಾಗದ ಅಲ್ಲ. ಇದರಲ್ಲೂ ಕೊರತೆ ಇತ್ತು ಅನ್ನಿ, ಯಂತ್ರ ಹಾಕಿದ್ರೆ ಸಾಕು ತೆರಿಗೆ ಉಳಿತಾಯ ಆಗ್ತಿತ್ತು, ಎಷ್ಟು ಕರೆಂಟ್ ಬರ್ತದೆ ಅನ್ನೋದರ ಮೇಲೆ ಯಾರಿಗೂ ಅಷ್ಟು ಕಣ್ಣಿರ್ಲಿಲ್ಲ.

ದರ ಇಳಿಸಿದ್ರೆ ಸರ್ಕಾರದ ಆದಾಯ ಕಡಿಮೆ ಆಗೋದೇ ಇಲ್ಲ, ಜಾಸ್ತಿನೇ ಆಗ್ತದೆ ಅನ್ನೋ ವಾದನೂ ಒಂದಿದೆ. 1974ರಲ್ಲಿ ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ಆರ್ಥರ್ ಲಾಫರ್ ಅನ್ನೋ ಅರ್ಥಶಾಸ್ತ್ರಜ್ಞ ಕೈ ಒರೆಸೋ ನ್ಯಾಪ್‌ಕಿನ್ ಮೇಲೆ ಒಂದು ಗೆರೆ ಗೀಚಿ ತೋರಿಸಿದ ಅಂತ ಕಥೆ ಇದೆ. ತೆರಿಗೆ ಸೊನ್ನೆ ಇದ್ರೆ ಆದಾಯ ಸೊನ್ನೆ, ತೆರಿಗೆ ಶೇ. 100 ಇದ್ರೂ ಯಾರೂ ದುಡಿಯೋದಿಲ್ಲ, ಆಗಲೂ ಸೊನ್ನೆ, ಹಾಗಾಗಿ ನಡುವೆ ಎಲ್ಲೋ ತುದಿ ಇರ್ಬೇಕು, ಆ ತುದಿ ದಾಟಿದ್ಮೇಲೆ ದರ ಇಳಿಸಿದ್ರೆ ಆದಾಯ ಏರ್ತದೆ. 14ನೇ ಶತಮಾನದಲ್ಲೇ ಇಬ್ನ್ ಖಾಲ್ದೂನ್ ಇದನ್ನ ಬರೆದಿದ್ದ ಅಂತ ಲಾಫರ್ರೇ ಹೇಳಿದ್ದಾನೆ. ತಾರ್ಕಿಕವಾಗಿ ಇದು ಸರಿ. ತಕರಾರು ಇರೋದು ನಾವು ಯಾವ ಬದಿಗೆ ನಿಂತಿದೀವಿ ಅನ್ನೋದರಲ್ಲಿ. 1970ರ ದಶಕದ ಶುರುವಿನಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ಆದಾಯದ ಮೇಲಿನ ತುತ್ತತುದಿ ದರ ಸರ್‌ಚಾರ್ಜ್ ಸೇರಿ ಶೇ. 97.75 ಇತ್ತು, ಆ ಮಟ್ಟದಲ್ಲಿ ಇನ್ನೊಂದು 100 ರೂಪಾಯಿ ದುಡಿದ್ರೆ ಕೈಗೆ ಎರಡೂಕಾಲು ರೂಪಾಯಿ. ಯಾರು ತೋರಿಸ್ತಾರೆ ಆದಾಯ? ಕಪ್ಪು ಹಣದ ಬಗ್ಗೆ ಸರ್ಕಾರ ನೇಮಿಸಿದ್ದ ವಾಂಛೂ ಸಮಿತಿ ಇದನ್ನ ಇಳಿಸಿ, ಕಪ್ಪು ಹಣಕ್ಕೆ ಇದೇ ಗೊಬ್ಬರ ಅಂತ ಹೇಳ್ತು, 1974-75ರಲ್ಲಿ 77ಕ್ಕೆ, ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ 50ಕ್ಕೆ, 1997ರಲ್ಲಿ ಚಿದಂಬರಂ 30ಕ್ಕೆ ತಂದ್ರು. 97ರಿಂದ ಇಳಿಯೋವಾಗ ಲಾಫರ್ ಮಾತು ನಡೀತದೆ. 30ರಿಂದ 22ಕ್ಕೆ ಇಳಿಯೋವಾಗ ಅದೇ ಮಂತ್ರ ಹೇಳಿದ್ರೆ ಫಲಿಸ್ಬೇಕು ಅಂತೇನಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಇದೇ ನಂಬಿಕೆಯಲ್ಲಿ ತೆರಿಗೆ ಇಳಿಸಿದ್ರು, ಖಜಾನೆ ಬರಿದಾಗಿ ಶಾಲೆ, ರಸ್ತೆಗೆ ಕತ್ತರಿ ಬಿತ್ತು, 2017ರಲ್ಲಿ ಅವ್ರ ಪಕ್ಷದ್ದೇ ಬಹುಮತ ಇದ್ದ ಶಾಸನಸಭೆ ಅದನ್ನ ವಾಪಸ್ ತಗೊಳ್ತು. ಬ್ರಿಟನ್‌ನಲ್ಲಿ ಲಿಜ್ ಟ್ರಸ್ 2022ರಲ್ಲಿ ಸಾಲ ತಂದು 45 ಶತಕೋಟಿ ಪೌಂಡ್ ತೆರಿಗೆ ಇಳಿಸ್ತೀನಿ ಅಂದಿದ್ದಕ್ಕೆ ಪೌಂಡೇ ಕುಸೀತು, ಕುರ್ಚಿನೂ ಹೋಯ್ತು.

ತೆರಿಗೆ ಇಳಿಸಿದ ದುಡ್ಡು ಸರ್ಕಾರದ ಕೈಯಲ್ಲಿ ಇದ್ದಿದ್ರೆ ಅದು ಎಂತ ಮಾಡ್ತಿತ್ತು ಅನ್ನೋದು ಲೆಕ್ಕದ ಇನ್ನೊಂದು ಮಗ್ಗಲು, ಇದನ್ನ ಜನ ಯಾಕೋ ಮರೆತೇ ಬಿಡ್ತಾರೆ. ದೆಹಲಿಯ ಸಾರ್ವಜನಿಕ ಹಣಕಾಸು ಸಂಸ್ಥೆಯ ಸುಕನ್ಯಾ ಬೋಸ್ ಮತ್ತೆ ಎನ್.ಆರ್. ಭಾನುಮೂರ್ತಿ 2013ರಲ್ಲಿ ಮಾಡಿದ ಅಂದಾಜಿನಲ್ಲಿ, ಸರ್ಕಾರ ರಸ್ತೆ, ಸೇತುವೆ, ರೈಲು ಇಂಥ ಆಸ್ತಿ ಕಟ್ಲಿಕ್ಕೆ ಹಾಕೋ 1 ರೂಪಾಯಿಗೆ ದೇಶದ ಉತ್ಪಾದನೆ 2 ರೂಪಾಯಿ 45 ಪೈಸೆ ಏರ್ತದೆ, ತೆರಿಗೆ ಬದಲಾವಣೆಯ 1 ರೂಪಾಯಿಗೆ ಪರಿಣಾಮ ಹೆಚ್ಚು ಕಡಿಮೆ 1 ರೂಪಾಯಿ. ಮೇಲೆ ಹೇಳಿದ ರೋಮರ್ ದಂಪತಿಯ ಲೆಕ್ಕಕ್ಕೂ ಇದಕ್ಕೂ ತಾಳೆ ಆಗೋದಿಲ್ಲ, ದೇಶ ಬೇರೆ, ವಿಧಾನ ಬೇರೆ, ಹೀಗೆ ಜಗಳ ಇರೋದ್ರಿಂದಲೇ ಇದು ಇನ್ನೂ ಜೀವ ಇರೋ ವಿಷಯ. ನನ್ನ ಮಟ್ಟಿಗೆ ನಮ್ಮ ದೇಶದ ಅಂಕಿ ಜಾಸ್ತಿ ನಂಬಿಕೆಗೆ ಬರ್ತದೆ, ಯಾಕಂದ್ರೆ ನಮ್ಮಲ್ಲಿ ಕಟ್ಬೇಕಾಗಿರೋದು ಇನ್ನೂ ತುಂಬ ಇದೆ.

ಕೊಂಕಣ ರೈಲ್ವೆ ನೋಡಿ. ಅಷ್ಟು ಸುರಂಗ, ಅಷ್ಟು ಸೇತುವೆ ಇರೋ ಹಾದಿಗೆ ಯಾವ ಖಾಸಗಿ ಕಂಪನಿ ಬರ್ತಿತ್ತು, ತೆರಿಗೆ ಎಷ್ಟೇ ಇಳಿಸಿದ್ರೂ? 1990ರಲ್ಲಿ ನಿಗಮ ಮಾಡಿ ಕೇಂದ್ರ ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತೆ ಕೇರಳ ತಲಾ 6 ಹಾಕಿ, ಉಳಿದ ದುಡ್ಡು ಬಾಂಡ್ ಮೂಲಕ ಎತ್ತಿ, ಇ. ಶ್ರೀಧರನ್ ನೇತೃತ್ವದಲ್ಲಿ ಕಟ್ಟಿ 1998ರ ಜನವರಿ 26ಕ್ಕೆ ಪೂರ್ತಿ ದಾರಿ ತೆರೆದ್ರು. ಮರುವರ್ಷ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸೋ ರೋ-ರೋ ಸೇವೆ ಶುರುವಾಯ್ತು. ದಾರಿ ಇದ್ರೆ ವ್ಯಾಪಾರ, ವ್ಯಾಪಾರ ಇದ್ರೆ ಖಾಸಗಿ ದುಡ್ಡು. ಗೋಕರ್ಣದಲ್ಲಿ ಹೋಮ್‌ಸ್ಟೇ ಹಾಕುವವರು ಬ್ಯಾಂಕಿಗೆ ಹೋಗೋ ಮೊದ್ಲು ನೋಡೋದು ಪ್ರವಾಸಿಗರು ಹೇಗೆ ಬರ್ತಾರೆ ಅನ್ನೋದನ್ನ, ಶೇ. 22 ಅಲ್ಲ. ಉಲ್ಟಾ ಉದಾಹರಣೆನೂ ಇಲ್ಲೇ ಇದೆ, 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯ್ತು, ಮೂರು ವಾರ ಕಳೀತಿದ್ದ ಹಾಗೇ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಹುಬ್ಬಳ್ಳಿ-ಅಂಕೋಲಾ ರೈಲು 1990ರ ದಶಕದಿಂದ ಕಾಡು ಮತ್ತೆ ಕೋರ್ಟಿನ ನಡುವೆ ಸಿಕ್ಕಿಹಾಕ್ಕೊಂಡಿದೆ, ಆಗ್ಬೇಕಾ ಬೇಡ್ವಾ ಅನ್ನೋದರಲ್ಲಿ ನಮ್ಮ ಜಿಲ್ಲೆಯೇ ಎರಡು ಭಾಗ ಆಗಿದೆ, ಅದಕ್ಕೆ ಕೈ ಹಾಕೋದು ಬೇಡ ಇಲ್ಲಿ.

ಖಾಸಗಿ ಬಂಡವಾಳ ಅಂದ್ರೆ ಬರೀ ದರದ ಮಾತಲ್ಲ ಅನ್ನೋದಕ್ಕೆ ಅಂಕೋಲಾದ ಕೇಣಿಗಿಂತ ಬೇಕಾ. 2023ರಲ್ಲಿ ಜೆಎಸ್‌ಡಬ್ಲ್ಯು ಇನ್ಫ್ರಾಸ್ಟ್ರಕ್ಚರ್‌ಗೆ ಅಲ್ಲಿ ಬಂದರು ಕಟ್ಟೋ ಗುತ್ತಿಗೆ ಸಿಕ್ತು, ಅಂದಾಜು ವೆಚ್ಚ 4,119 ಕೋಟಿ. ದುಡ್ಡು ರೆಡಿ, ತೆರಿಗೆ ದರ ಇಳಿದು ವರ್ಷಗಳಾಗಿವೆ, ಆದ್ರೆ ನಾಡದೋಣಿ ಇಟ್ಕೊಂಡು ಬದುಕೋ ಮೀನುಗಾರರು ಕಡಲು ನಮ್ದು, ಹೋಗಿ ನಿಲ್ಲೋದೆಲ್ಲಿ ಅಂತ ಬೀದಿಗಿಳಿದ್ರು. ಅವರ ಪ್ರಶ್ನೆಗೆ ಹಣಕಾಸು ಮಸೂದೆಯಲ್ಲಿ ಉತ್ತರ ಇಲ್ಲ. ಹೂಡಿಕೆದಾರನ ಲೆಕ್ಕದಲ್ಲಿ ಜಮೀನು, ಪರವಾನಗಿ, ಜನ, ಕೋರ್ಟು, ಕೊಳ್ಳೋರು ಎಲ್ಲ ಬರ್ತಾರೆ, ತೆರಿಗೆ ಅದರಲ್ಲಿ ಒಂದು ಸಾಲು.

ಹಾಗಾದ್ರೆ ಜನಸಾಮಾನ್ಯರ ತೆರಿಗೆ ಇಳಿಸಿದ್ರೆ? ಅದನ್ನೂ ಮಾಡಿದ್ರಲ್ಲ, 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂದ್ರು, ಖಜಾನೆಗೆ 1 ಲಕ್ಷ ಕೋಟಿ ಖೋತಾ ಅಂದ್ರು. ಸರ್ಕಾರಿ ನೌಕರರು, ಕೈಗಾದ ಅಣುಸ್ಥಾವರದಲ್ಲೋ ನೌಕಾನೆಲೆ ಸೀಬರ್ಡ್‌ನಲ್ಲೋ ಕೆಲ್ಸ ಮಾಡುವವ್ರು, ಬ್ಯಾಂಕಿನವ್ರು ಇವ್ರಿಗೆಲ್ಲ ಖುಷಿ. ಆದ್ರೆ ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರನಿಗೆ ಇದರಿಂದ ನೇರವಾಗಿ ಏನೂ ಇಲ್ಲ, ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಮೊದ್ಲಿಂದಲೂ ಇಲ್ಲ. ಅವನ ಕೈಗೆ ದುಡ್ಡು ಬರೋದು ರಾಶಿ ಅಡಿಕೆ, ಚಾಲಿ ಎಷ್ಟಕ್ಕೆ ಟೆಂಡರ್ ಆಯ್ತು ಅನ್ನೋದರ ಮೇಲೆ, ಅದಕ್ಕೆ ಬೇಕಾಗಿದ್ದು ತೆರಿಗೆ ಕಡಿತ ಅಲ್ಲ, ಆಮದು ನೀತಿ. 2023ರ ಫೆಬ್ರವರಿಯಲ್ಲಿ ಹೊರದೇಶದ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇದ್ದಿದ್ದನ್ನ 351ಕ್ಕೆ ಏರಿಸಿದ್ರಲ್ಲ, ಶಿರಸಿ ಪೇಟೆಯ ಮಟ್ಟಿಗೆ ಅದೇ ದೊಡ್ಡ ಬಜೆಟ್ಟು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಸಿದ್ದು ಮಾತ್ರ ಅವನಿಗೂ ಮುಟ್ತು, ಸಿಮೆಂಟ್ 28ರಿಂದ 18, ಟ್ರ್ಯಾಕ್ಟರ್ 12ರಿಂದ 5, 350 ಸಿಸಿ ಒಳಗಿನ ಬೈಕು 28ರಿಂದ 18, ತುಪ್ಪ 12ರಿಂದ 5. ಕಡಿಮೆ ಆದಾಯದವ್ರು ಸಿಕ್ಕ ಉಳಿತಾಯದಲ್ಲಿ ಹೆಚ್ಚು ಪಾಲನ್ನ ಖರ್ಚು ಮಾಡ್ತಾರೆ, ಶ್ರೀಮಂತರು ಹೆಚ್ಚು ಪಾಲನ್ನ ಕೂಡಿಡ್ತಾರೆ, ಇದು ಅರ್ಥಶಾಸ್ತ್ರದಲ್ಲಿ ಹೆಚ್ಚು ತಕರಾರಿಲ್ಲದ ವಿಷಯ. ಹಾಗಾಗಿ ಅರ್ಧ ಓಡೋ ಫ್ಯಾಕ್ಟರಿ ಪೂರ್ತಿ ಓಡ್ಬೇಕಂದ್ರೆ ಕೊಳ್ಳುವವನ ತೆರಿಗೆ ಇಳಿಸೋದು ಮಾಲೀಕನ ತೆರಿಗೆ ಇಳಿಸೋದಕ್ಕಿಂತ ಬೇಗ ನಾಟ್ತದೆ. ಅಂಗಡಿಯವ್ರು ಇಳಿಸಿದ ತೆರಿಗೆಯನ್ನ ಬೆಲೆಯಲ್ಲಿ ಬಿಟ್ಟುಕೊಟ್ರೆ ಅಂತ ಒಂದು ಷರತ್ತು, ಮತ್ತೆ ಜಿಎಸ್‌ಟಿಯಲ್ಲಿ ರಾಜ್ಯಕ್ಕೂ ಪಾಲಿರೋದ್ರಿಂದ ನಮ್ಮ ರಸ್ತೆ ದುಡ್ಡಿಗೂ ಅಲ್ಲೇ ಒಂದು ತೂತು ಬೀಳ್ತದೆ.

ಪೂರ್ತಿ ಓಡಿದ್ಮೇಲೆ, ಇನ್ನೊಂದು ಪ್ಲಾಂಟ್ ಹಾಕ್ಲಾ ಬೇಡ್ವಾ ಅಂತ ಮಾಲೀಕ ಯೋಚಿಸೋ ಹೊತ್ತಿಗೆ, ಕಂಪನಿ ತೆರಿಗೆಯ ಆ 8 ಲಕ್ಷದ 40 ಸಾವಿರ, 9 ಲಕ್ಷದ 36 ಸಾವಿರದ ಲೆಕ್ಕ ನಿಜವಾಗ್ಲೂ ಕೆಲ್ಸಕ್ಕೆ ಬರ್ತದೆ. ಹೊಸದಾಗಿ ಹುಟ್ಟೋದಕ್ಕೆ ಮಾತ್ರ ಕೊಡೋ ವಿನಾಯ್ತಿ ಆಗ ಇನ್ನೂ ಚೆನ್ನಾಗಿ ನಡೀಬಹುದು. ಹೊಸ ಕಾರ್ಖಾನೆಗಳಿಗೆ ಕೊಟ್ಟಿದ್ದ ಶೇ. 15ರ ದರ ಅಂಥದ್ದೇ ಆಗಿತ್ತು. ಅದಕ್ಕೆ 2023ರ ಮಾರ್ಚ್ 31ರೊಳಗೆ ಉತ್ಪಾದನೆ ಶುರು ಮಾಡ್ಬೇಕು ಅಂತ ಗಡುವಿತ್ತು, ನಡುವೆ ಕೋವಿಡ್ ಬಂದು ವರ್ಷಗಟ್ಲೆ ತಿಂದಿದ್ದಕ್ಕೆ ಒಂದು ವರ್ಷ ಮುಂದೂಡಿದ್ರು. 2024ರ ಮಾರ್ಚ್ 31ಕ್ಕೆ ಅದು ಮುಗೀತು, ಮತ್ತೆ ಮುಂದುವರಿಸ್ಲಿಲ್ಲ. ಹಳೇ ಕಾರ್ಖಾನೆಗಳ 22ಕ್ಕೆ ಮಾತ್ರ ಯಾವ ಗಡುವೂ ಇಲ್ಲ.